ಗಾಲಿಗೆ ಕೊಟ್ಟ ಕಲ್ಲು

ಮಗಳು ಮತ್ತು ಅಳಿಯಂದಿರ ಒತ್ತಾಯಕ್ಕೆ ಮಣಿದು 2023ರ ಬೇಸಿಗೆಯಲ್ಲಿ ಮೂರು ತಿಂಗಳ ಕಾಲ ಅಮೆರಿಕದ ಮಿಚಿಗನ್ ರಾಜ್ಯದಲ್ಲಿ ಇದ್ದು ಬಂದೆ. ಹೋಗಿ ಬಂದವರೆಲ್ಲರೂ ಪ್ರವಾಸಕಥನ ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ನನಗೆ ಆ ಉದ್ದೇಶವಿಲ್ಲ. ಅಲ್ಲಿ ಕಂಡ ಒಂದು ಸಣ್ಣ ವಸ್ತುವಿನ ವಿಷಯವನ್ನೂ, ಅದರ ನಿಮಿತ್ತವಾಗಿ ಮೇಲೆದ್ದು ಬಂದ ಐವತ್ತು ವರ್ಷಗಳ ಹಿಂದಿನ ಒಂದು ಸಂಗತಿಯನ್ನೂ ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕೆಂದಿದ್ದೇನೆ. ಮನೆಯಲ್ಲಿ ಟ್ರ್ಯಾಕ್ಟರ್ ಇರುವವರು, ಅದರ ಸುತ್ತಮುತ್ತ ಆಡುವ ಮಕ್ಕಳಿರುವವರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ.

ಆ ದೇಶದಲ್ಲಿ ರಜೆ ಬಂತೆಂದರೆ ಜನರು ಮನೆಯನ್ನೇ ಗಾಲಿಯ ಮೇಲಿಟ್ಟು ಎಳೆದುಕೊಂಡು ಹೊರಡುತ್ತಾರೆ. ಕಾರಿನ ಹಿಂಬದಿಗೆ ಕೊಕ್ಕೆ ಹಾಕಿ ಎಳೆಯುವ ಒಂದು ಕೋಣೆ ಅದು. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ ಎಲ್ಲವೂ ಉಂಟು. ಕ್ಯಾಂಪಿಂಗ್ ಟ್ರೇಲರ್ ಎಂದು ಅದಕ್ಕೆ ಹೆಸರು. ಅಳಿಯಂದಿರು ಅಂಥದೊಂದನ್ನು ನಾಲ್ಕು ದಿನಗಳಿಗೆ ಬಾಡಿಗೆಗೆ ತಂದರು. ಸಂಜೆಯ ಹೊತ್ತಿಗೆ ಸರೋವರವೊಂದರ ದಡದಲ್ಲಿದ್ದ ಬಿಡಾರದ ಜಾಗಕ್ಕೆ ತಲುಪಿದೆವು. ನೋಡುವುದಕ್ಕೆ ನೆಲ ಸಮತಟ್ಟಾಗಿಯೇ ಇತ್ತು. ಆದರೂ ಅವರು ಕಾರಿನಿಂದ ಇಳಿದವರೇ ಮಾಡಿದ ಮೊದಲ ಕೆಲಸವೆಂದರೆ, ಹಳದಿ ಬಣ್ಣದ ನಾಲ್ಕು ರಬ್ಬರಿನ ಬೆಣೆಗಳನ್ನು ತೆಗೆದು ಟ್ರೇಲರಿನ ಎರಡೂ ಗಾಲಿಗಳ ಹಿಂದಕ್ಕೂ ಮುಂದಕ್ಕೂ ಒತ್ತಿ ಇಟ್ಟದ್ದು. ಎಂಟು ವರ್ಷದ ಮೊಮ್ಮಗ ಕೊಕ್ಕೆ ಬಿಚ್ಚಲು ಆತುರಪಡುತ್ತಿದ್ದ. ‘ಮೊದಲು ಬೆಣೆ, ಆಮೇಲೆ ಕೊಕ್ಕೆ’ ಎಂದು ಅವನ ಕೈ ಹಿಡಿದು ನಿಲ್ಲಿಸಿದರು.

ಸಮತಟ್ಟಾದ ನೆಲದಲ್ಲಿ ಇದೆಲ್ಲ ಏಕೆಂದು ಕೇಳಿದೆ. ‘ಮಾವ, ಕೊಕ್ಕೆ ಇರುವ ತನಕ ಈ ಟ್ರೇಲರನ್ನು ಹಿಡಿದಿರುವುದು ಕಾರಿನ ಬ್ರೇಕು. ಟ್ರೇಲರಿಗೂ ಬ್ರೇಕ್ ಇದೆ, ಆದರೆ ಅದು ಕಾರಿನಿಂದ ಬರುವ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಕೊಕ್ಕೆ ಬಿಟ್ಟ ಮೇಲೆ ಇದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಮುಂದಿನ ಜ್ಯಾಕಿನ ತುದಿಗೂ ಸಣ್ಣ ಚಕ್ರವಿದೆ, ಅದೂ ಉರುಳುತ್ತದೆ’ ಎಂದರು. ಬೆಣೆ ಕೊಟ್ಟಾದ ಮೇಲೆ ಜ್ಯಾಕ್ ತಿರುಗಿಸಿ ಟ್ರೇಲರಿನ ಮೂತಿಯನ್ನು ಮೇಲೆತ್ತಿ ಕೊಕ್ಕೆ ಬಿಡಿಸಿದರು. ಕಾವಲಿಗೆಂದು ಇರುವ ಎರಡು ಸರಪಣಿಗಳನ್ನು ಮಾತ್ರ ಆಗಲೂ ಬಿಚ್ಚಲಿಲ್ಲ. ಟ್ರೇಲರ್ ಮಿಸುಕುವುದಿಲ್ಲವೆಂದು ಖಚಿತವಾದ ಮೇಲೆಯೇ ಅವನ್ನು ತೆಗೆದದ್ದು. ನಾಲ್ಕನೆಯ ದಿನ ಹೊರಡುವಾಗ ಈ ಕ್ರಮ ತಿರುಗುಮುರುಗಾಯಿತು: ಮೊದಲು ಕೊಕ್ಕೆ ಮತ್ತು ಸರಪಣಿ, ಕಟ್ಟಕಡೆಗೆ ಬೆಣೆ.

ಆ ರಾತ್ರಿ ಊಟವಾದ ಮೇಲೆ ಮೊಮ್ಮಗ, ‘ತಾತ, ನೀವು ಚಿಕ್ಕವರಿದ್ದಾಗ ಇಂಥ ಗಾಡಿ ಇತ್ತಾ?’ ಎಂದು ಕೇಳಿದ. ‘ಇತ್ತು ಮಗು’ ಎಂದೆ. ‘ಅದಕ್ಕೂ ಹೀಗೇ ಬೆಣೆ ಕೊಡ್ತಿದ್ರಾ?’ ಈ ಎರಡನೆಯ ಪ್ರಶ್ನೆಗೆ ಉತ್ತರ ನನ್ನ ಬಾಯಿಂದ ಹೊರಡಲಿಲ್ಲ. ನಿದ್ದೆ ಬಂದವನಂತೆ ಮಗ್ಗುಲು ತಿರುಗಿದೆ.

ಇತ್ತೆಂದು ನಾನು ಹೇಳಿದ್ದು ಸುಳ್ಳಲ್ಲ. ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಚಳಿಗಾಲದಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ನಡೆಯುವ ದನಗಳ ಜಾತ್ರೆ ನಮ್ಮ ಸೀಮೆಯ ರೈತರೆಲ್ಲರಿಗೂ ಸೇರಿದ್ದು. ಜಾತಿ ಮತಗಳ ಎಣಿಕೆ ಅಲ್ಲಿಗೆ ಬರುತ್ತಿರಲಿಲ್ಲ. ಪುಷ್ಯ ಶುದ್ಧ ಷಷ್ಠಿಯ ತೇರಿಗೆ ಮೊದಲೇ ಹಳ್ಳಿಕಾರ್ ಹೋರಿಗಳ ಜೋಡಿಗಳು ದೂರದೂರದಿಂದ ಬಂದು ಸೇರುತ್ತಿದ್ದವು. ಎತ್ತು ಕೊಳ್ಳುವುದಕ್ಕೂ ಮಾರುವುದಕ್ಕೂ ಹೋಗುವವರು ಕಮಾನು ಗಾಡಿ ಕಟ್ಟುತ್ತಿದ್ದರು. ಬಿದಿರಿನ ದಬ್ಬೆಗಳನ್ನು ಬಾಗಿಸಿ ಮೇಲೆ ಚಾಪೆ ಹೊದಿಸಿದರೆ ಅದೇ ಮನೆ. ರಾಗಿಹಿಟ್ಟು, ಹುರುಳಿ, ಮಡಕೆ, ಕಂಬಳಿ, ಎತ್ತುಗಳಿಗೆ ಹುಲ್ಲು ಎಲ್ಲವೂ ಅದರೊಳಗೆ. ಜಾತ್ರೆಯ ಬಯಲಿನಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಗಾಡಿಯ ಒಳಗೆ ಹೆಂಗಸರೂ ಮಕ್ಕಳೂ ಕೆಳಗೆ ಗಂಡಸರೂ ಮಲಗುತ್ತಿದ್ದರು. ಮಿಚಿಗನ್ನಿನ ಸರೋವರದ ದಡದಲ್ಲಿ ನಾನು ಕಂಡದ್ದು ಇದನ್ನೇ. ಎತ್ತಿನ ಬದಲು ಕಾರು.

1971ನೆಯ ಇಸವಿಯ ಡಿಸೆಂಬರ್ ತಿಂಗಳ ಕೊನೆ. ಬಾಂಗ್ಲಾ ಯುದ್ಧ ಆಗತಾನೆ ಮುಗಿದಿತ್ತು. ಜಾತ್ರೆಯಲ್ಲಿ ಎತ್ತಿನ ಬೆಲೆಯಷ್ಟೇ ಯುದ್ಧದ ಮಾತೂ ನಡೆಯುತ್ತಿತ್ತು. ನನಗೆ ಹತ್ತು ವರ್ಷ, ಅಣ್ಣನಿಗೆ ಹದಿನಾರು. ಅಪ್ಪ ಪರಿಚಯದವರನ್ನು ಕಂಡು ಹಿಂದೆ ಉಳಿದಿದ್ದರು. ನಮಗೆ ಸಿಕ್ಕಿದ ಜಾಗ ಬಯಲಿನ ಅಂಚಿನಲ್ಲಿ, ಸ್ವಲ್ಪ ಇಳಿಜಾರಿನಲ್ಲಿತ್ತು. ಅಣ್ಣ ಎತ್ತುಗಳ ಕೊರಳ ಕಣ್ಣಿ ಬಿಚ್ಚುತ್ತ, ‘ಗಾಲಿಗೆ ಕಲ್ಲು ಕೊಡೋ’ ಎಂದು ಕೂಗಿದ. ನನ್ನ ಕಣ್ಣೆಲ್ಲ ಆಚೆ ನಿಂತಿದ್ದ ತೊಟ್ಟಿಲು ಚಕ್ರದ ಕಡೆಗೆ. ಕೈಗೆ ಸಿಕ್ಕಿದ ಒಂದು ಉರುಟು ಕಲ್ಲನ್ನು ತಂದು ಒಂದು ಗಾಲಿಗೆ ಮಾತ್ರ ಒತ್ತಿ, ‘ಕೊಟ್ಟೆ’ ಎಂದು ಹೇಳಿ ಓಡಿದೆ. ಇನ್ನೊಂದು ಗಾಲಿಗೆ ಕೊಡಲಿಲ್ಲ.

ಎತ್ತುಗಳು ಹೊರಬಂದ ಮೇಲೆ ನೊಗ ನೆಲಕ್ಕೆ ಕುಸಿದಿರುತ್ತದೆ. ಅದರಡಿಗೆ ಊರೆಗೋಲು ಕೊಟ್ಟು ಗಾಡಿಯನ್ನು ಮಟ್ಟಮಾಡಬೇಕು. ಅಣ್ಣ ಹೆಗಲು ಕೊಟ್ಟು ಮೂಕಿಯನ್ನು ಎತ್ತಿದಾಗ ಒಳಗಿನ ಹೊರೆ ಹಿಂದಕ್ಕೆ ವಾಲಿತು. ನೆಲಕ್ಕೆ ಊರಿ ಹಿಡಿದಿದ್ದ ನೊಗದ ಆಸರೆಯೂ ತಪ್ಪಿತು. ಕಲ್ಲಿಲ್ಲದ ಗಾಲಿ ಉರುಳಿತು. ಕಲ್ಲಿದ್ದ ಗಾಲಿ ಒಂದು ಗಳಿಗೆ ನಿಂತದ್ದರಿಂದ ಗಾಡಿ ನೇರವಾಗಿ ಹೋಗದೆ ಗಿರಕಿ ಹೊಡೆಯಿತು. ಮೂಕಿ ಅಡ್ಡ ಬೀಸಿ ಅಣ್ಣನನ್ನು ಕೆಡವಿತು. ಆಮೇಲೆ ಉರುಟು ಕಲ್ಲೂ ಎಗರಿ, ಕಬ್ಬಿಣದ ಪಟ್ಟಿಯ ಗಾಲಿ ಅವನ ಎಡಗಾಲಿನ ಮೇಲೆ ಹಾದುಹೋಯಿತು. ಗಾಡಿಯ ಕೆಳಗೆ ಹಾಸಲೆಂದು ಅಜ್ಜಿ ಚಾಪೆ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಇನ್ನೊಂದು ನಿಮಿಷ ತಡೆದಿದ್ದರೆ ಅವಳು ಅದರಡಿಯಲ್ಲಿ ಇರುತ್ತಿದ್ದಳು.

ನಾನು ಓಡಿ ಬರುವ ಹೊತ್ತಿಗೆ ಅಪ್ಪನೂ ಬಂದಿದ್ದರು. ‘ಕಲ್ಲು ಕೊಟ್ಟವರು ಯಾರು?’ ಎಂಬುದೇ ಅವರ ಮೊದಲ ಮಾತು. ಅಣ್ಣ ಹಲ್ಲು ಕಚ್ಚಿಕೊಂಡು, ‘ನಾನೇ ಅಪ್ಪಾ, ಸರಿಯಾಗಿ ನೋಡಲಿಲ್ಲ’ ಎಂದ. ನಾನು ಬಾಯಿ ಬಿಡಲಿಲ್ಲ.

ಮೂಳೆ ಕೂಡಿತು, ಕಾಲು ಮೊದಲಿನಂತಾಗಲಿಲ್ಲ. ಮೂರು ಮೈಲಿ ನಡೆದು ಹೈಸ್ಕೂಲಿಗೆ ಹೋಗುತ್ತಿದ್ದವನ ಓದು ಅಲ್ಲಿಗೇ ನಿಂತಿತು. ಮರುವರ್ಷ ನನ್ನನ್ನು ಶ್ರೀಮಠದ ಉಚಿತ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಸಂಸ್ಕೃತ, ಹಳಗನ್ನಡ, ವಚನಶಾಸ್ತ್ರ ಎಲ್ಲವನ್ನೂ ಪೂಜ್ಯರ ಪಾದದಡಿಯಲ್ಲಿ ಕಲಿತೆ, ಮುಂದೆ ಕಲಿಸಿದೆ. ಜೇಡರ ದಾಸಿಮಯ್ಯನವರು ಬಂಡಿಯ ಕಡೆಗೀಲನ್ನು ವಚನಕ್ಕೆ ತಂದ ಪರಿಯನ್ನು ಮೂವತ್ತು ವರ್ಷ ತರಗತಿಯಲ್ಲಿ ವ್ಯಾಖ್ಯಾನಿಸಿದ್ದೇನೆ. ಕಡೆಗೀಲು ಚಲಿಸುವ ಬಂಡಿಯನ್ನು ಕಾಯುವುದು. ನಿಂತ ಬಂಡಿಯನ್ನು ಕಾಯುವುದು ಗಾಲಿಯಡಿಯ ಕಲ್ಲು. ಈ ಎರಡನೆಯದರ ವಿಷಯ ಬಂದಾಗಲೆಲ್ಲ ನಾನು ಪುಟ ತಿರುಗಿಸುತ್ತಿದ್ದೆನೆಂದು ಈಗ ತೋರುತ್ತದೆ.

ಶ್ರೀಮಠದ ತೇರಿನ ದಿನ ಗಾಲಿಗೆ ಮರದ ಸನ್ನೆ ಕೊಡುವವರನ್ನು ಮಾತ್ರ ನಾನು ಕಣ್ಣು ಕೀಳದೆ ನೋಡುತ್ತಿದ್ದೆ. ಹಗ್ಗ ಹಿಡಿಯುವವರು ನೂರಾರು ಮಂದಿ, ಗಾಲಿಯ ಪಕ್ಕದಲ್ಲಿ ಬಗ್ಗಿ ನಡೆಯುವವರು ನಾಲ್ಕೇ ಮಂದಿ. ಎರಡೂ ಕಡೆಯವರು ಒಬ್ಬರಿಗೊಬ್ಬರು ಕೂಗಿ ಹೇಳಿ ಒಟ್ಟಿಗೆ ಸನ್ನೆ ಒಡ್ಡುತ್ತಿದ್ದರು. ಒಂದು ಗಾಲಿಗೆ ಮಾತ್ರ ಕೊಟ್ಟರೆ ತೇರು ಓರೆಯಾಗಿ ತಿರುಗುತ್ತದೆ.

ಅಮೆರಿಕದಿಂದ ಹಿಂತಿರುಗಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದಾಗ ಕಿಟಕಿಯಿಂದ ಇನ್ನೊಂದು ದೃಶ್ಯ ಕಂಡೆ. 2008ರ ಮೇ ತಿಂಗಳಲ್ಲಿ ಈ ನಿಲ್ದಾಣ ತೆರೆಯುವ ಮೊದಲು ದ್ರಾಕ್ಷಿ, ಚಕೋತಗಳ ತೋಟಕ್ಕೆ ಹೆಸರಾಗಿದ್ದ ಸೀಮೆಯದು. ಪಕ್ಕದ ನಿಲುಗಡೆಗೆ ಒಂದು ವಿಮಾನ ಬಂದು ನಿಂತಿತು. ಕಾಯುತ್ತಿದ್ದ ಹುಡುಗನೊಬ್ಬ ಬಗ್ಗಿ ಬಂದು ಅದರ ಗಾಲಿಗೆ ಹಿಂದೆ ಮುಂದೆ ಬೆಣೆ ಕೊಟ್ಟು ಕೈಸನ್ನೆ ಮಾಡಿದ. ವಿಮಾನ ತಲುಪಿತೆಂದು ಅವರು ಬರೆದುಕೊಳ್ಳುವ ಸಮಯ ನೆಲ ಮುಟ್ಟಿದ ಗಳಿಗೆಯದಲ್ಲ, ನಿಲುಗಡೆಗೆ ಬಂದು ಗಾಲಿಗೆ ತಡೆ ಕೊಡುವ ಗಳಿಗೆಯದು ಎಂದು ಪಕ್ಕದಲ್ಲಿ ಕುಳಿತಿದ್ದ ತರುಣ ತಿಳಿಸಿದ. ಅಷ್ಟು ದೊಡ್ಡ ಯಂತ್ರಕ್ಕೂ ಇಷ್ಟೇ ಸಣ್ಣ ಉಪಾಯ!

ಊರಿಗೆ ಹೋದ ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣನ ಮಗ ಟ್ರ್ಯಾಕ್ಟರಿನಲ್ಲಿ ಸಿಮೆಂಟ್ ಇಟ್ಟಿಗೆ ತುಂಬಿಕೊಂಡು ಬಂದ. ನಮ್ಮ ಮನೆಯ ಮುಂದಿನ ಬೀದಿ ಇಳಿಜಾರಾಗಿ ಶಾಲೆಯ ಕಡೆಗೆ ಹೋಗುತ್ತದೆ. ಉಳುಮೆಗೆ ಹೊತ್ತಾಯಿತೆಂದು, ಇಟ್ಟಿಗೆ ಇಳಿಸದೆಯೇ ಟ್ರೇಲರನ್ನು ಬೀದಿಯಲ್ಲಿ ಬಿಟ್ಟು ಟ್ರ್ಯಾಕ್ಟರನ್ನು ಹೊಲಕ್ಕೆ ಒಯ್ಯುವ ಆತುರ ಅವನಿಗೆ. ‘ಲೋ, ಟೈರಿಗೆ ಕಲ್ಲು ಕೊಡೋ’ ಎಂದು ತನ್ನ ಮಗನಿಗೆ ಕೂಗಿದ. ಹತ್ತು ವರ್ಷದ ಹುಡುಗ ಅರ್ಧ ಇಟ್ಟಿಗೆಯೊಂದನ್ನು ಒಂದು ಟೈರಿಗೆ ಒತ್ತಿ, ‘ಕೊಟ್ಟೆ’ ಎಂದು ಹೇಳಿ ಆಟಕ್ಕೆ ಓಡಿದ.

ಅದೇ ಮಾತು, ಅದೇ ವಯಸ್ಸು. ನಾನು ಜಗಲಿಯಿಂದ ಇಳಿದು ಹೋಗಿ ಪಿನ್ನಿನ ಮೇಲೆ ಕೈಯಿಟ್ಟು ನಿಂತೆ. ‘ಐದು ನಿಮಿಷದ ಕೆಲಸ ಚಿಕ್ಕಪ್ಪ, ನೀವು ಪಕ್ಕಕ್ಕೆ ಬನ್ನಿ’ ಎಂದ. ನಾನು ಬರಲಿಲ್ಲ. ಕಾಗದ ಪೆನ್ಸಿಲು ತರಿಸಿದೆ. ಮೇಷ್ಟರ ಚಾಳಿ, ಏನು ಮಾಡುವುದು! ಇಟ್ಟಿಗೆಯೂ ಟ್ರೇಲರೂ ಸೇರಿ ಮೂರು ಟನ್ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ಬೀದಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲು, ಎಂದರೆ 150 ಕಿಲೋ ತೂಕದಷ್ಟು ಬಲ ಅದನ್ನು ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಟಾರು ಬೀದಿಯ ಮೇಲೆ ಗಾಳಿ ತುಂಬಿದ ಟೈರು ತಾನಾಗಿ ತಡೆಯುವುದು ಅದರಲ್ಲಿ ಅಲ್ಪಭಾಗ ಮಾತ್ರ. ಪಿನ್ ಇರುವ ತನಕ ಆ ಬಲವನ್ನು ಟ್ರ್ಯಾಕ್ಟರಿನ ಬ್ರೇಕು ಹೊತ್ತಿರುತ್ತದೆ. ಪಿನ್ ತೆಗೆದ ಗಳಿಗೆಯಲ್ಲಿ ಅದೆಲ್ಲ ಆ ಅರ್ಧ ಇಟ್ಟಿಗೆಯ ಮೇಲೆ. ಇಟ್ಟಿಗೆ ಒಡೆಯುತ್ತದೆ, ಉರುಟು ಕಲ್ಲು ಗಾಲಿಯೊಡನೆ ತಾನೂ ಉರುಳುತ್ತದೆ. ಬೀದಿಯ ಕೆಳತುದಿಯಲ್ಲಿ ಶಾಲೆ. ಅಣ್ಣನ ಮಗ ಕಾಗದವನ್ನೂ ಬೀದಿಯನ್ನೂ ನೋಡಿ ಸುಮ್ಮನಾದ. ಇಟ್ಟಿಗೆ ಇಳಿಸಿಯೇ ಹೊಲಕ್ಕೆ ಹೋದ.

ನನ್ನ ಕಣ್ಣಿಗೆ ಬಿದ್ದ ಹಳ್ಳಿಯ ಟ್ರೇಲರುಗಳಲ್ಲಿ ನಿಲುಗಡೆಯ ಬ್ರೇಕ್ ಇರುವುದು ಅಪರೂಪ, ಇದ್ದುದು ಕೆಲಸ ಮಾಡುವುದು ಇನ್ನೂ ಅಪರೂಪ. ಆದ್ದರಿಂದ ಬೆಣೆಯೇ ಗತಿ. ಗಟ್ಟಿಮರದಲ್ಲಿ ಮುಕ್ಕೋನವಾಗಿ ಕೊಯ್ದ ಬೆಣೆ ಒಳ್ಳೆಯದು. ಅಗಲವಾದ ಮಗ್ಗುಲು ನೆಲಕ್ಕೆ, ಓರೆಯ ಮಗ್ಗುಲು ಟೈರಿಗೆ. ಎತ್ತರ ಗಾಲಿಯ ಎತ್ತರದ ಕಾಲುಭಾಗದಷ್ಟಾದರೂ ಇರಲಿ ಎಂಬುದು ರೂಢಿಯ ಲೆಕ್ಕ. ನಮ್ಮ ಟ್ರೇಲರಿನ ಗಾಲಿಗೆ ಒಂಬತ್ತು ಹತ್ತು ಅಂಗುಲವಾಗುತ್ತದೆ. ಟೈರಿನ ಅಗಲದ ನಡುಮಧ್ಯಕ್ಕೆ, ಸಂದಿಲ್ಲದಂತೆ ಒತ್ತಬೇಕು. ಇಳಿಜಾರಾದರೆ ಕೆಳಮಗ್ಗುಲು ಎರಡೂ ಗಾಲಿಗೆ ಕಡ್ಡಾಯ. ಮೇಲುಮಗ್ಗುಲಿಗೂ ಕೊಡುವುದು ಲೇಸು, ಏಕೆಂದರೆ ಮತ್ತೆ ಜೋಡಿಸಲು ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಂದಾಗ ಅದರ ತಗುಲುವಿಕೆಗೆ ಟ್ರೇಲರ್ ಸರಿಯುತ್ತದೆ. ಮಳೆಗಾಲದ ಮೆತ್ತನೆಯ ಮಣ್ಣಿನಲ್ಲಿ ಬೆಣೆ ಹೂತುಹೋಗುತ್ತದೆ, ಅಡಿಗೆ ಹಲಗೆ ಬೇಕು. ಒದ್ದೆಯಾದ ಸಿಮೆಂಟ್ ನೆಲದಲ್ಲಿ ಮರ ಜಾರುತ್ತದೆ, ಹಳೆಯ ಟೈರಿನ ತುಂಡೊಂದನ್ನು ತಳಕ್ಕೆ ಮೊಳೆ ಹೊಡೆದರೆ ಹಿಡಿಯುತ್ತದೆ. ಹೊರೆ ತುಂಬಿದ ಟ್ರೇಲರನ್ನು ಇಳಿಜಾರಿನಲ್ಲಿ ಬಿಡದಿರುವುದು ಇವೆಲ್ಲಕ್ಕಿಂತ ಮೇಲು.

ಬೆಣೆ ಕೊಟ್ಟ ಮೇಲೆ ಕೂಡಲೇ ಪಿನ್ನಿಗೆ ಕೈ ಹಾಕಬಾರದು. ಟ್ರ್ಯಾಕ್ಟರಿನ ಬ್ರೇಕನ್ನು ಮೆಲ್ಲಗೆ ಸಡಿಲಿಸಿ ಟ್ರೇಲರಿನ ಭಾರ ಬೆಣೆಗಳ ಮೇಲೆ ಕೂರುವುದನ್ನು ನೋಡಬೇಕು. ನಿಂತಿತೆಂದರೆ ಮತ್ತೆ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಮೂತಿಗೆ ಊರೆ ಕೊಟ್ಟು, ಆಮೇಲೆ ಪಿನ್. ಪಿನ್ ಬಿಗಿದಿದ್ದರೆ ಅಲ್ಲಿ ಇನ್ನೂ ಎಳೆತವಿದೆಯೆಂದು ಅರ್ಥ. ಸುತ್ತಿಗೆಯಿಂದ ಹೊಡೆಯದೆ ಟ್ರ್ಯಾಕ್ಟರನ್ನು ಒಂದಂಗುಲ ಆಚೀಚೆ ಮಾಡಬೇಕು. ಎರಡು ಗಾಲಿಯ ಟ್ರೇಲರಿನಲ್ಲಿ ಹೊರೆ ಹಿಂದಕ್ಕೆ ಹೆಚ್ಚಾಗಿದ್ದರೆ ಪಿನ್ ತೆಗೆದ ಕೂಡಲೇ ಮೂತಿ ಮೇಲಕ್ಕೆ ಚಿಮ್ಮಿ ಎದೆಗೋ ಗದ್ದಕ್ಕೋ ಬಡಿಯುತ್ತದೆ. ಮಿಚಿಗನ್ನಿನಲ್ಲಿ ಅಳಿಯಂದಿರು ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಕ್ಕೆಯ ಮೇಲೆ ಬೀಳುವಂತೆ ಸಾಮಾನು ಜೋಡಿಸಿದ್ದರು. ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿರುವಾಗ ಪಿನ್ ಹಿಡಿದು ನಡುವೆ ನಿಲ್ಲುವ ಅಭ್ಯಾಸವಂತೂ ನಮ್ಮ ಹುಡುಗರಿಗೆ ಪೂರ್ತಿ ಬಿಟ್ಟುಹೋಗಬೇಕು. ಚಾಲಕನ ಕಣ್ಣಿಗೆ ಬೀಳುವಂತೆ ಪಕ್ಕದಲ್ಲಿ ನಿಂತಿದ್ದು, ಅದು ಪೂರ್ತಿ ನಿಂತ ಮೇಲೆಯೇ ಒಳಗೆ ಹೋಗಬೇಕು. ಬಿಟ್ಟ ಟ್ರೇಲರಿನ ಮೇಲೆ ಮಕ್ಕಳು ಹತ್ತಿ ಕುಣಿಯುವುದನ್ನು ಮನೆಯ ತಾಯಂದಿರು ಕಂಡರೆ ಗದರಿಸಿ ಇಳಿಸಬೇಕು.

ಇನ್ನೊಂದು ಮಾತು, ಇದು ನನ್ನ ದೂರು. ನೆಲಮಂಗಲದಿಂದ ಡಾಬಸ್‌ಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹೊಸಕೋಟೆಯ ರಸ್ತೆಯಲ್ಲಿ, ಕೆಟ್ಟು ನಿಂತ ಲಾರಿಗಳಿಗೆ ದಪ್ಪ ಕಲ್ಲು ಕೊಡುತ್ತಾರೆ. ಕೊಡುವುದು ಸರಿಯೇ. ರಿಪೇರಿಯಾದ ಮೇಲೆ ಲಾರಿ ಹೊರಟುಹೋಗುತ್ತದೆ, ಕಲ್ಲುಗಳು ರಸ್ತೆಯಲ್ಲೇ ಉಳಿಯುತ್ತವೆ. ರಾತ್ರಿ ಮೋಟಾರ್ ಸೈಕಲ್ಲಿನಲ್ಲಿ ಬರುವವನಿಗೆ ಅವು ಕಾಣುವುದಿಲ್ಲ. ಬೆಣೆಗೆ ಒಂದು ಹಗ್ಗ ಕಟ್ಟಿ ಗಾಡಿಗೇ ನೇತುಹಾಕಿಕೊಂಡರೆ ಮರೆಯುವ ಪ್ರಶ್ನೆಯೇ ಇಲ್ಲ. ತೆಗೆಯುವಾಗಲೂ ಗಾಲಿಯ ಕೆಳಗೆ ಕೈ ಹಾಕದೆ ಹಗ್ಗ ಹಿಡಿದು ಎಳೆಯಬಹುದು.

ಅಂದು ರಾತ್ರಿ ಅಣ್ಣನೂ ನಾನೂ ಜಗಲಿಯ ಮೇಲೆ ಕುಳಿತಿದ್ದೆವು. ಅವನಿಗೆ ಅರವತ್ತೆಂಟು. ಚಳಿಗೆ ಎಡಗಾಲು ನೋಯುತ್ತದೆಂದು ಬೇಸಿಗೆಯಲ್ಲೂ ಅದರ ಮೇಲೊಂದು ಟವಲ್ಲು ಹೊದ್ದುಕೊಂಡಿರುತ್ತಾನೆ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಅವರಿಗೆ ಹೇಳುವ ಭಾಗ್ಯ ನನಗಿರಲಿಲ್ಲ. ‘ಅಣ್ಣಾ, ಘಾಟಿ ಜಾತ್ರೆಯಲ್ಲಿ ಕಲ್ಲು ಕೊಟ್ಟವನು ನಾನು. ಒಂದೇ ಗಾಲಿಗೆ ಕೊಟ್ಟೆ’ ಎಂದೆ.

‘ನನಗೆ ಗೊತ್ತಿಲ್ವೇನೋ’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ನೀನು ಹತ್ತು ವರ್ಷದ ಹುಡುಗ. ಮೂಕಿ ಎತ್ತೋನು ನಾನು. ಎತ್ತೋಕೆ ಮುಂಚೆ ಎರಡೂ ಕಡೆ ಬಗ್ಗಿ ನೋಡಬೇಕಾಗಿತ್ತು, ನೋಡಲಿಲ್ಲ. ಅಪ್ಪನಿಗೆ ಹೇಳಿದ್ದೂ ಅದೇ. ಸುಳ್ಳೇನೂ ಹೇಳಲಿಲ್ಲ’ ಎಂದ.

ಐವತ್ತೆರಡು ವರ್ಷ ಅದನ್ನು ನಾನು ಅಣ್ಣನ ತ್ಯಾಗವೆಂದು ಹೊತ್ತು ತಿರುಗಿದ್ದೆ. ಅವನಿಗೆ ಅದು ಬರೀ ಲೆಕ್ಕದ ಮಾತಾಗಿತ್ತು. ಏನು ಹೇಳಬೇಕೋ ತಿಳಿಯದೆ ನಾನು ಎದ್ದು ಒಳಗೆ ಹೋಗಿ ಅವನಿಗೆ ನೀರು ತಂದುಕೊಟ್ಟೆ.

ಮರುದಿನ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಹಳೆಯ ಗಾಡಿಯ ಅಚ್ಚುಮರವನ್ನು ಅಣ್ಣನೇ ಎಳೆಸಿದ. ಕರಿಜಾಲಿಯದು, ಗೆದ್ದಲು ಮುಟ್ಟಿರಲಿಲ್ಲ. ಬಡಗಿಯಿಂದ ನಾಲ್ಕು ಬೆಣೆ ಕೊಯ್ಯಿಸಿ, ತಲೆಗೆ ತೂತು ಕೊರೆದು ಹಗ್ಗ ಪೋಣಿಸಿದ್ದಾಯಿತು. ಸಂಜೆ ಖಾಲಿ ಟ್ರೇಲರನ್ನು ಬಿಡುವಾಗ ಮೊಮ್ಮಗನನ್ನು ಕರೆದ. ಹುಡುಗ ಮೂರು ಬೆಣೆ ಇಟ್ಟು, ‘ಕೊಟ್ಟೆ ತಾತ’ ಎಂದ. ಅಣ್ಣ ಕುಂಟುತ್ತ ಆಚೆ ಮಗ್ಗುಲಿಗೆ ಹೋಗಿ ಬಗ್ಗಿ ನೋಡಿ, ‘ಇಲ್ಲಿ?’ ಎಂದು ಕೇಳಿದ. ಹುಡುಗ ನಾಲ್ಕನೆಯದನ್ನು ತಂದಿಟ್ಟ. ಅಣ್ಣ ಅದನ್ನು ಬಲಗಾಲಿನಿಂದ ಇನ್ನಷ್ಟು ಒಳಕ್ಕೆ ಒತ್ತಿ, ಮಗನ ಕಡೆ ತಿರುಗಿ, ‘ಈಗ ಪಿನ್ ತೆಗಿ’ ಎಂದ.